ಷೇಕ್ಸ್‌ಪಿಯರನ ಅವಸರದ ಮದುವೆ

ಡಿಗ್ರಿ ತರಗತಿಗೆ ಷೇಕ್ಸ್‌ಪಿಯರನ ನಾಟಕವೊಂದು ಪಠ್ಯವಾದರೆ ಸಾಕು, ಗೈಡುಗಳ ಮೊದಲ ಪುಟದಲ್ಲಿ ಕವಿಯ ಜೀವನ ಪರಿಚಯ ಇದ್ದೇ ಇರುತ್ತದೆ. ಜ್ಞಾನಸ್ನಾನವಾದದ್ದು 1564ರ ಏಪ್ರಿಲ್ 26ರಂದು, ಊರು ಸ್ಟ್ರಾಟ್‌ಫರ್ಡ್, ತಂದೆ ಜಾನ್ ಚರ್ಮದ ಕೈಗವಸು ಹೊಲಿದು ಮಾರುವವನು. ಆಮೇಲೆ ಬರುವುದು ಆ ಒಂದು ಸಾಲು: 18ನೇ ವಯಸ್ಸಿನಲ್ಲಿ ತನಗಿಂತ 8 ವರ್ಷ ದೊಡ್ಡವಳಾದ ಆನ್ ಹ್ಯಾಥವೇಯನ್ನು ಮದುವೆಯಾದ, ಆರು ತಿಂಗಳಿಗೆ ಮಗಳು ಹುಟ್ಟಿದಳು. ಮೇಷ್ಟರು ಈ ಸಾಲನ್ನು ಓದಿದ ಹಾಗೆ ಮಾಡಿ ಮುಂದಕ್ಕೆ ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಏಳುತ್ತದೆ.

ನಗುವವರಲ್ಲಿ ಆ ಹುಡುಗರಷ್ಟೇ ಇಲ್ಲ. ಕವಿಯ ಚರಿತ್ರೆ ಬರೆದ ದೊಡ್ಡ ದೊಡ್ಡ ವಿದ್ವಾಂಸರೂ ಈ ಸಾಲಿನ ಹತ್ತಿರ ಬಂದಾಗ ಊರ ಕಟ್ಟೆಯ ಮೇಲೆ ಕೂತವರಂತೆ ಮಾತಾಡಿದ್ದಾರೆ. ವಯಸ್ಸಾದ ಹೆಣ್ಣು ಎಳೆಯ ಹುಡುಗನನ್ನು ಬಲೆಗೆ ಹಾಕಿಕೊಂಡಳು ಎಂದವರು ಕೆಲವರು. ಹೆಣ್ಣಿನ ಕಡೆಯ ಇಬ್ಬರು ರೈತರು ಹುಡುಗನ ಕಿವಿ ಹಿಡಿದು ಚರ್ಚಿಗೆ ಎಳೆದೊಯ್ದರು ಎಂದವರು ಇನ್ನು ಕೆಲವರು. ಮೂರನೆಯ ಗುಂಪು ಒಂದು ಹೆಜ್ಜೆ ಮುಂದೆ ಹೋಗಿ ‘ಎರಡನೇ ಆನ್’ ಒಬ್ಬಳನ್ನು ಸೃಷ್ಟಿಸಿ, ಅವಳೇ ಕವಿಯ ನಿಜವಾದ ಪ್ರೇಯಸಿ ಎಂದು ಕಣ್ಣೀರಿಟ್ಟಿತು. ಇಷ್ಟೆಲ್ಲಕ್ಕೂ ಇರುವ ಆಧಾರ ವೂಸ್ಟರ್ ಪಟ್ಟಣದ ಬಿಷಪ್ ಕಚೇರಿಯ ಎರಡು ದಾಖಲೆ ಮಾತ್ರ. ಒಂದರ ತಾರೀಖು 1582ರ ನವೆಂಬರ್ 27, ಇನ್ನೊಂದರದು ಮರುದಿನ. ಆ ಕಾಗದಗಳನ್ನು ಆ ವರ್ಷದ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ಓದಿದರೆ ಕಾಣುವುದು ಬೇರೆಯೇ ಕಥೆ. ಹೊಟ್ಟೆಯಲ್ಲಿರುವ ಮಗುವಿಗೆ ಕಾನೂನಿನ ಕಣ್ಣಿನಲ್ಲಿ ಒಂದು ಸ್ಥಾನ ಸಿಗಲೆಂದು ಹಿರಿಯರು ದಿನ ಎಣಿಸಿ, ದಾರಿ ಹುಡುಕಿ, ಮುಚ್ಚಳಿಕೆ ಬರೆದುಕೊಟ್ಟು ಮಾಡಿಸಿದ ಮದುವೆ ಅದು.

ಮುಹೂರ್ತವಿಲ್ಲದ ತಿಂಗಳುಗಳು

ನಮ್ಮಲ್ಲಿ ಆಷಾಢ ಬಂತೆಂದರೆ, ಧನುರ್ಮಾಸ ಹೊಕ್ಕಿತೆಂದರೆ ಮದುವೆ ಛತ್ರಗಳು ಬಿಕೋ ಎನ್ನುತ್ತವೆ. ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನಲ್ಲೂ ಹೀಗೆಯೇ ಇತ್ತು. ಅಲ್ಲಿ ಪಂಚಾಂಗದ ಬದಲು ಚರ್ಚಿನ ಕಟ್ಟಳೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದಿಂದ ಜನವರಿ 13ರವರೆಗೆ ಮದುವೆ ನಿಷಿದ್ಧ. ಆಮೇಲೆ ಒಂದಿಷ್ಟು ದಿನ ಬಿಡುವು. ಈಸ್ಟರಿಗೆ ಒಂಬತ್ತು ವಾರವಿದೆ ಎನ್ನುವಾಗ ಮತ್ತೆ ಬಾಗಿಲು ಬಂದ್. ತೆರೆಯುವುದು ಈಸ್ಟರ್ ಕಳೆದು ಒಂದು ವಾರದ ಮೇಲೆ. ಇಷ್ಟೂ ಸಾಲದೆಂಬಂತೆ, ಮದುವೆಗೆ ಮುಂಚೆ ಮೂರು ಭಾನುವಾರ ಅಥವಾ ಹಬ್ಬದ ದಿನ ಚರ್ಚಿನಲ್ಲಿ ಗಂಡು ಹೆಣ್ಣಿನ ಹೆಸರು ಕೂಗಿ, ಯಾರದಾದರೂ ಅಡ್ಡಿ ಇದ್ದರೆ ಹೇಳಿ ಎಂದು ಸಾರಬೇಕು. ನಮ್ಮ 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ನೋಂದಣಿ ಕಚೇರಿಯಲ್ಲಿ 30 ದಿನದ ನೋಟಿಸು ಹಚ್ಚುತ್ತಾರಲ್ಲ, ಹೆಚ್ಚುಕಡಿಮೆ ಅದೇ ಉದ್ದೇಶ.

ಈಗ 1582ರ ಲೆಕ್ಕ ನೋಡೋಣ. ಇಲ್ಲಿನ ತಾರೀಖುಗಳೆಲ್ಲ ಇಂಗ್ಲೆಂಡಿನಲ್ಲಿ ಆಗ ನಡೆಯುತ್ತಿದ್ದ ಹಳೆಯ ಕ್ಯಾಲೆಂಡರಿನವು. ಇಂದಿನ ಕ್ಯಾಲೆಂಡರಿಗೆ ಹೋಲಿಸಿದರೆ 10 ದಿನ ಹಿಂದೆ. ಆ ವರ್ಷ ಆಗಮನ ಕಾಲದ ಮೊದಲ ಭಾನುವಾರ ಬಿದ್ದದ್ದು ಡಿಸೆಂಬರ್ 2ಕ್ಕೆ. ನವೆಂಬರಿನ ಭಾನುವಾರಗಳು 4, 11, 18 ಮತ್ತು 25. ಮನೆಯವರು 11ಕ್ಕೆ ಮೊದಲ ಪ್ರಕಟಣೆ ಮಾಡಿಸಿದ್ದರೆ 18, 25ಕ್ಕೆ ಉಳಿದೆರಡು ಮುಗಿದು, ಯಾವ ಬಿಷಪ್ಪನ ಹಂಗೂ ಇಲ್ಲದೆ ತಿಂಗಳ ಕೊನೆಯಲ್ಲಿ ಮದುವೆಯಾಗಬಹುದಿತ್ತು. ಹಾಗೆ ಆಗಲಿಲ್ಲ. ಎಂದರೆ ವಿಷಯ ಹಿರಿಯರ ಕಿವಿಗೆ ಬಿದ್ದದ್ದು, ಅಥವಾ ಎರಡು ಮನೆಗಳ ಮಾತುಕತೆ ಮುಗಿದದ್ದು, ಆ ದಿನ ಕಳೆದ ಮೇಲೆ ಎಂದು ಊಹಿಸುವುದು ತಪ್ಪಲ್ಲ.

ಮಗಳು ಸೂಸನ್ನಾಳಿಗೆ ಜ್ಞಾನಸ್ನಾನವಾದದ್ದು 1583ರ ಮೇ 26ರಂದು. ಹಿಂದಕ್ಕೆ ಎಣಿಸಿದರೆ ಬಸಿರು ನಿಂತದ್ದು ಆಗಸ್ಟ್ ಕೊನೆಯ ಸುಮಾರಿಗೆ. ನವೆಂಬರ್ ಮುಗಿಯುವ ಹೊತ್ತಿಗೆ ಮೂರು ತಿಂಗಳು. ಆಗ ಪರೀಕ್ಷೆಗಳೇನೂ ಇರಲಿಲ್ಲ. ಮಗು ಒಳಗೆ ಮಿಸುಕಾಡಿದ ಮೇಲೆಯೇ, ಅಂದರೆ ನಾಲ್ಕೈದು ತಿಂಗಳಿಗೆ, ಸಂಶಯ ಪೂರ್ತಿ ಹೋಗುತ್ತಿದ್ದುದು. ಆನ್ ಅಲ್ಲಿಯವರೆಗೆ ಕಾಯಲಿಲ್ಲ, ಅವಳ ಮನೆಯವರೂ ಕಾಯಲಿಲ್ಲ. ಕಾದಿದ್ದರೆ ಏನಾಗುತ್ತಿತ್ತು? ಜನವರಿ 14ರಿಂದ 26ರವರೆಗಿನ ಸಣ್ಣ ಕಿಂಡಿಯೊಂದಿತ್ತು. ಅದರೊಳಗೆ ಸಿಗುವ ಭಾನುವಾರ 20 ಒಂದೇ. ಅದೂ ತಪ್ಪಿದರೆ ಏಪ್ರಿಲ್ 8. ಅಷ್ಟರಲ್ಲಿ ಹುಡುಗಿಗೆ ಎಂಟನೇ ತಿಂಗಳು ನಡೆಯುತ್ತಿರುತ್ತಿತ್ತು.

ಉಳಿದ ದಾರಿ ಒಂದೇ: ಮೂರರ ಬದಲು ಒಂದೇ ಪ್ರಕಟಣೆಯಲ್ಲಿ ಮದುವೆಯಾಗಲು ಬಿಷಪ್ಪನಿಂದ ಲೈಸೆನ್ಸು. ಬಿಷಪ್ಪನ ಕಚೇರಿ ಇದ್ದದ್ದು 20 ಮೈಲಿಗೂ ದೂರದ ವೂಸ್ಟರಿನಲ್ಲಿ. ನವೆಂಬರ್ 27 ಎಂದರೆ ಇಂದಿನ ಲೆಕ್ಕಕ್ಕೆ ಡಿಸೆಂಬರ್ 7. ಆ ಸೀಮೆಯಲ್ಲಿ ಹಗಲು ಹೆಚ್ಚೆಂದರೆ ಎಂಟು ಗಂಟೆ. ಚಳಿ, ಕೆಸರು. ಕುದುರೆಯ ಮೇಲೆ ಹೋದರೂ ದಿನ ಹಿಡಿಯುವ ದಾರಿ.

ನಲವತ್ತು ಪೌಂಡಿನ ಮುಚ್ಚಳಿಕೆ

ವೂಸ್ಟರಿನಲ್ಲಿ 28ರಂದು ಬರೆದ ಮುಚ್ಚಳಿಕೆಯಲ್ಲಿ ಇಬ್ಬರ ಹೆಸರಿದೆ. ಫುಲ್ಕ್ ಸ್ಯಾಂಡೆಲ್ಸ್ ಮತ್ತು ಜಾನ್ ರಿಚರ್ಡ್‌ಸನ್. ಇಬ್ಬರೂ ರೈತರು. ರಕ್ತಸಂಬಂಧವಾಗಲಿ, ಬೇರೆಯವರೊಡನೆ ಮೊದಲೇ ಆದ ನಿಶ್ಚಿತಾರ್ಥವಾಗಲಿ ಇಲ್ಲ. ಹುಡುಗಿಯ ಕಡೆಯವರ ಒಪ್ಪಿಗೆ ಇಲ್ಲದೆ ವಿಲಿಯಂ ಮದುವೆಯಾಗತಕ್ಕದ್ದಲ್ಲ. ಮುಂದೆ ತಕರಾರು ಎದ್ದು ಬಿಷಪ್ಪನಿಗೆ ತೊಂದರೆಯಾದರೆ ಆ ಹೊಣೆ ನಮ್ಮದು — ಇದು ಅದರ ಸಾರಾಂಶ. ತಪ್ಪಿದರೆ ತೆರಬೇಕಾದ ಮೊತ್ತ 40 ಪೌಂಡು. ಇದು ಎಷ್ಟು ದೊಡ್ಡ ಹಣ ಎಂದರೆ, ಸ್ಟ್ರಾಟ್‌ಫರ್ಡ್ ಶಾಲೆಯ ಮೇಷ್ಟರ ವರ್ಷದ ಸಂಬಳವೇ 20 ಪೌಂಡು, ಅದೂ ಆ ಕಾಲಕ್ಕೆ ಒಳ್ಳೆಯ ಸಂಬಳ. ಇಬ್ಬರು ರೈತರು ತಮ್ಮದಲ್ಲದ ಮಕ್ಕಳಿಗಾಗಿ ಮೇಷ್ಟರ ಎರಡು ವರ್ಷದ ಸಂಬಳಕ್ಕೆ ಜಾಮೀನು ನಿಂತರು.

ಇವರು ಯಾರು ಎಂಬುದು ಇನ್ನೊಂದು ಕಾಗದದಿಂದ ತಿಳಿಯುತ್ತದೆ. ಆನ್‌ಳ ತಂದೆ ರಿಚರ್ಡ್ ಹ್ಯಾಥವೇ, ಸ್ಟ್ರಾಟ್‌ಫರ್ಡಿನಿಂದ ಒಂದು ಮೈಲಿಯ ಶಾಟರಿ ಹಳ್ಳಿಯ ರೈತ, ಹಿಂದಿನ ವರ್ಷವಷ್ಟೇ, 1581ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ಸಾಯುವ ಮುಂಚೆ ಉಯಿಲು ಬರೆಸಿದ್ದ. ಅದರಲ್ಲಿ ಮಗಳ ಹೆಸರು ‘ಆಗ್ನೆಸ್’ ಎಂದಿದೆ. ಆಗ ಆನ್, ಆಗ್ನೆಸ್ ಎರಡೂ ಒಂದೇ ಹೆಸರಿನಂತೆ ಓಡಾಡುತ್ತಿದ್ದವು. ಅವಳಿಗೆ ಮದುವೆಯ ದಿನ ಕೊಡತಕ್ಕದ್ದೆಂದು ಬರೆಸಿದ ಹಣ 6 ಪೌಂಡು 13 ಷಿಲಿಂಗು 4 ಪೆನ್ಸ್. ಆ ಉಯಿಲಿನಂತೆ ಎಲ್ಲವೂ ನಡೆಯುವ ಹಾಗೆ ನೋಡಿಕೊಳ್ಳಲು ನೇಮಿಸಿದವರಲ್ಲಿ ಒಬ್ಬ ಫುಲ್ಕ್ ಸ್ಯಾಂಡೆಲ್ಸ್. ಸಾಕ್ಷಿ ಹಾಕಿದವರಲ್ಲಿ ಒಬ್ಬ ಜಾನ್ ರಿಚರ್ಡ್‌ಸನ್. ಹೀಗಾಗಿ ವೂಸ್ಟರಿನ ದಾರಿ ಹಿಡಿದವರು ಯಾರೋ ಪುಂಡರಲ್ಲ. ತೀರಿಕೊಂಡ ಸ್ನೇಹಿತನ ಮಗಳಿಗೆ ತಂದೆಯ ಜಾಗದಲ್ಲಿ ನಿಂತವರು. ಕಿವಿ ಹಿಡಿದು ಎಳೆದೊಯ್ದ ಕಥೆ ಇಲ್ಲಿಯೇ ಅರ್ಧ ಕುಸಿಯುತ್ತದೆ. ಜಾಮೀನು ಹೆಣ್ಣಿನ ಕಡೆಯಿಂದ ಬರುವುದು ಆಗಿನ ರೂಢಿಯೇ ಆಗಿತ್ತು.

ಎರಡು ಮನೆಗಳೂ ಒಂದಕ್ಕೊಂದು ಹೊಸವಲ್ಲ. 1566ರಷ್ಟು ಹಿಂದೆಯೇ ರಿಚರ್ಡ್ ಹ್ಯಾಥವೇಯ ಸಾಲಕ್ಕೆ ಜಾನ್ ಷೇಕ್ಸ್‌ಪಿಯರ್ ಜಾಮೀನು ನಿಂತಿದ್ದ. 1582ರ ಹೊತ್ತಿಗೆ ಆ ಜಾನನ ಸ್ಥಿತಿಯೇ ಕೆಟ್ಟಿತ್ತು. ಒಂದು ಕಾಲಕ್ಕೆ ಪಟ್ಟಣದ ಮುಖ್ಯಸ್ಥನಾಗಿದ್ದವನು ಸಾಲದಲ್ಲಿ ಮುಳುಗಿ, ಹೆಂಡತಿಯ ಜಮೀನು ಅಡವಿಟ್ಟು, ನಗರಸಭೆಯ ಕೂಟಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ಹಿರಿಯ ಮಗನಿಗೆ ಇನ್ನೂ ಕಸುಬಿಲ್ಲ. 21 ತುಂಬದ್ದರಿಂದ ಕಾನೂನಿನ ಪ್ರಕಾರ ಅವನಿನ್ನೂ ಹುಡುಗ, ತಂದೆಯ ಒಪ್ಪಿಗೆ ಬೇಕು. ಅಂಥ ಮನೆಗೆ ಸೊಸೆ, ಆರು ತಿಂಗಳಿಗೆ ಮೊಮ್ಮಗು. ಆ ಒಪ್ಪಿಗೆ ಕೊಡುವಾಗ ಜಾನ್ ದಂಪತಿಯ ಮನಸ್ಸಿನಲ್ಲಿ ಏನಿತ್ತೋ ಯಾವ ಕಾಗದವೂ ಹೇಳುವುದಿಲ್ಲ. ಕೊಟ್ಟರು ಎಂಬುದಂತೂ ದಿಟ.

ಇನ್ನು ಆ ‘ಎರಡನೇ ಆನ್’ ಸಂಗತಿ. 27ರಂದು ಬಿಷಪ್ಪನ ದಫ್ತರದಲ್ಲಿ ಲೈಸೆನ್ಸನ್ನು ದಾಖಲಿಸಿದ ಗುಮಾಸ್ತ ವಧುವಿನ ಹೆಸರನ್ನು ‘ಟೆಂಪಲ್ ಗ್ರಾಫ್ಟನ್ನಿನ ಆನ್ ವೇಟ್ಲಿ’ ಎಂದು ಬರೆದ. ಮರುದಿನದ ಮುಚ್ಚಳಿಕೆಯಲ್ಲಿ ಸರಿಯಾಗಿ ಹ್ಯಾಥವೇ ಎಂದಿದೆ. ಅಷ್ಟು ಸಾಕಾಯಿತು. ಒಬ್ಬಳನ್ನು ಪ್ರೀತಿಸಿ ಲೈಸೆನ್ಸು ಪಡೆದ, ಇನ್ನೊಬ್ಬಳ ಕಡೆಯವರು ಬಂದು ಹಿಡಿದರು ಎಂದು ಕಾದಂಬರಿಗಳೇ ಹುಟ್ಟಿದವು. ಅದೇ 27ರಂದು ಅದೇ ಕಚೇರಿಯಲ್ಲಿ ವಿಲಿಯಂ ವೇಟ್ಲಿ ಎಂಬ ಪಾದ್ರಿಯ ದಶಾಂಶ ತೆರಿಗೆಯ ಮೊಕದ್ದಮೆಯೂ ನಡೆದಿತ್ತು. ಆ ಗುಮಾಸ್ತ ಬೇರೆ ಪುಟಗಳಲ್ಲೂ ಹೆಸರುಗಳನ್ನು ಅದಲುಬದಲು ಮಾಡಿದ್ದಾನೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಹೆಸರು ತಿದ್ದಿಸಲು ಅಲೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬಸುರಿ ವಧು ಅಪರೂಪವೇ?

ಅಪರೂಪವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಚರ್ಚಿನಲ್ಲೂ ಮದುವೆ, ಜ್ಞಾನಸ್ನಾನ, ಮಣ್ಣು ಮಾಡಿದ ದಿನ ಇವನ್ನು ಬರೆದಿಡಬೇಕೆಂದು ಆಜ್ಞೆಯಾಯಿತು. ಇತಿಹಾಸಕಾರ ಪಿ.ಇ.ಎಚ್. ಹೇರ್ ಅನೇಕ ಹಳ್ಳಿಗಳ ಈ ಪುಸ್ತಕಗಳನ್ನು ಇಟ್ಟುಕೊಂಡು, ಮದುವೆಯ ತಾರೀಖಿಗೂ ಮೊದಲ ಮಗುವಿನ ಜ್ಞಾನಸ್ನಾನದ ತಾರೀಖಿಗೂ ಎಷ್ಟು ಅಂತರ ಎಂದು ಲೆಕ್ಕ ಹಾಕಿದರು. 1966ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ 1700ಕ್ಕೆ ಮುಂಚೆ ಸುಮಾರು ಐವರಲ್ಲಿ ಒಬ್ಬ ವಧು ಮದುವೆಯ ದಿನ ಬಸುರಿ. ಆಮೇಲಿನ ಕಾಲದಲ್ಲಿ ಈ ಪ್ರಮಾಣ ಇನ್ನೂ ಏರಿತು.

ಇದಕ್ಕೆ ಕಾರಣ ಆಗಿನವರ ನಡತೆ ಸಡಿಲವಾಗಿತ್ತು ಎಂದಲ್ಲ. ಮದುವೆ ಎಂದರೆ ಯಾವ ಕ್ಷಣದಿಂದ ಎಂಬುದೇ ಸ್ಪಷ್ಟವಿರಲಿಲ್ಲ. ಗಂಡು ಹೆಣ್ಣು ಕೈ ಕೈ ಹಿಡಿದು ‘ಇಂದಿನಿಂದ ನಾನು ನಿನ್ನವನು, ನೀನು ನನ್ನವಳು’ ಎಂಬರ್ಥದ ಮಾತಾಡಿದರೆ ಚರ್ಚಿನ ಕಾನೂನು ಅದನ್ನು ಬಿಡಿಸಲಾಗದ ಮದುವೆ ಎಂದೇ ಎಣಿಸುತ್ತಿತ್ತು. ಪಾದ್ರಿಯ ಮುಂದಿನ ಶಾಸ್ತ್ರ ಆಮೇಲೆ. 1753ರ ಕಾನೂನು ಬರುವವರೆಗೂ ಇದೇ ಸ್ಥಿತಿ. ನಮ್ಮ ಓದುಗರಿಗೆ ಗಾಂಧರ್ವ ವಿವಾಹ ನೆನಪಾಗಬಹುದು. ಕಾಳಿದಾಸನ ಶಾಕುಂತಲವನ್ನೂ, ‘ಶೂರಸೇನ ಚರಿತ್ರೆ’ ಎಂಬ ಹೆಸರಿನಲ್ಲಿ ಷೇಕ್ಸ್‌ಪಿಯರನ ಒಥೆಲೋವನ್ನೂ ಕನ್ನಡಕ್ಕೆ ತಂದವರು ಒಬ್ಬರೇ, ಮೈಸೂರಿನ ಬಸವಪ್ಪ ಶಾಸ್ತ್ರಿಗಳು. ಶಕುಂತಲೆಯ ಕಥೆಯಲ್ಲಿ ಕಣ್ವರು ವಿಷಯ ತಿಳಿದಾಗ ಸಿಡುಕುವುದಿಲ್ಲ. ಬಸುರಿ ಮಗಳನ್ನು ಹಿರಿಯರ ಜೊತೆಮಾಡಿ ಗಂಡನ ಮನೆಗೆ ಕಳುಹಿಸುತ್ತಾರೆ. ಆದರೆ ಅವಳ ಕೈಯಲ್ಲಿದ್ದ ಪುರಾವೆ ಒಂದು ಉಂಗುರ ಮಾತ್ರ. ಅದು ನೀರುಪಾಲಾಯಿತು, ದೊರೆ ತುಂಬಿದ ಸಭೆಯಲ್ಲಿ ನೀನಾರೋ ತಿಳಿಯದೆಂದ. ಶಾಟರಿಯ ರೈತರು ಉಂಗುರವನ್ನು ನಂಬಿ ಕೂರಲಿಲ್ಲ.

ಕೂರದಿರಲು ಬಲವಾದ ಕಾರಣವೂ ಇತ್ತು. ಕೈ ಹಿಡಿದು ಆಡಿದ ಮಾತು ದೇವರ ಮುಂದೆ ಮದುವೆಯಾದರೂ ಆಸ್ತಿಯ ಕಾನೂನಿನ ಮುಂದೆ ಪೂರ್ತಿ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಕಠಿಣವಾದ ಇನ್ನೊಂದು ನಿಯಮವಿತ್ತು. ಯೂರೋಪಿನ ಚರ್ಚಿನ ಕಾನೂನಿನಲ್ಲಿ, ಮಗು ಹುಟ್ಟಿದ ಮೇಲೆ ತಂದೆತಾಯಿ ಮದುವೆಯಾದರೂ ಆ ಮಗು ಸಕ್ರಮವಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಹಾಗಲ್ಲ. 1236ರಲ್ಲಿ ಮರ್ಟನ್ ಎಂಬಲ್ಲಿ ಸೇರಿದ ಸಭೆಯಲ್ಲಿ ಬಿಷಪ್ಪರು ಈ ರಿಯಾಯಿತಿ ಕೇಳಿದಾಗ ಶ್ರೀಮಂತರು ಒಪ್ಪಲಿಲ್ಲ. ದೇಶದ ಕಾನೂನು ಬದಲಿಸೆವು ಎಂದರು. ಆ ಹಟ ಸಡಿಲಗೊಂಡದ್ದು 1926ರಲ್ಲಿ! ನಡುವಿನ ಸುಮಾರು ಏಳುನೂರು ವರ್ಷ, ಮದುವೆಗೆ ಒಂದು ದಿನ ಮುಂಚೆ ಹುಟ್ಟಿದ ಮಗು ಜೀವನಪೂರ್ತಿ ಅಕ್ರಮ ಸಂತಾನ, ವಾರಸುದಾರಿಕೆಯಿಲ್ಲ. ಮರುದಿನ ಹುಟ್ಟಿದ ತಮ್ಮನೋ ತಂಗಿಯೋ ಸಕ್ರಮ. ಸಾಲದ್ದಕ್ಕೆ 1576ರಲ್ಲಿ ಬಂದ ಕಾಯಿದೆಯೊಂದು, ಅಂಥ ಮಗುವಿನ ಖರ್ಚು ಊರಿನ ಮೇಲೆ ಬೀಳದಂತೆ ತಂದೆತಾಯಿಯನ್ನು ದಂಡಿಸುವ ಅಧಿಕಾರವನ್ನು ನ್ಯಾಯಾಧಿಕಾರಿಗಳಿಗೆ ಕೊಟ್ಟಿತ್ತು. ಬಸಿರು ಮದುವೆಗೆ ಮುಂಚೆ ಬಂದರೆ ಊರು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹೆರಿಗೆ ಮದುವೆಗೆ ಮುಂಚೆ ಬಂದರೆ ಬಿಡುತ್ತಿರಲಿಲ್ಲ. ಸ್ಯಾಂಡೆಲ್ಸ್, ರಿಚರ್ಡ್‌ಸನ್ ಇಬ್ಬರೂ ವೂಸ್ಟರಿಗೆ ಓಡಿದ್ದು ಈ ಗೆರೆ ದಾಟುವ ಮುಂಚೆ ಎಲ್ಲ ಸರಿಮಾಡಲು.

ವಯಸ್ಸಿನ ವಿಷಯ ಒಂದು ಮಾತು. 26ರ ಆನ್ ‘ವಯಸ್ಸು ಮೀರಿದವಳು’ ಎಂದು ಗೈಡುಗಳು ಬರೆಯುವುದು ಅಂದಿನ ಇಂಗ್ಲೆಂಡನ್ನು ನಮ್ಮ ಅಜ್ಜಿಯರ ಕಾಲದ ಹಳ್ಳಿಯೆಂದು ತಿಳಿದದ್ದರಿಂದ. ಅಲ್ಲಿ ರೈತರ ಮನೆಯ ಹೆಣ್ಣುಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಮದುವೆಯಾಗುವುದೇ ವಾಡಿಕೆ. ಗಂಡುಮಕ್ಕಳು ಇನ್ನೂ ತಡ. ಏಳು ವರ್ಷ ಕಸುಬು ಕಲಿಯುವ ಕರಾರು, ಆ ಅವಧಿಯಲ್ಲಿ ಮದುವೆ ಕೂಡದು, ಬೇರೆ ಒಲೆ ಹೂಡುವಷ್ಟು ಕೂಡಿಟ್ಟ ಮೇಲೆಯೇ ಹೆಂಡತಿ. ಹಾಗಾಗಿ ಈ ಜೋಡಿಯಲ್ಲಿ ಊರವರು ಹುಬ್ಬೇರಿಸಿದ್ದರೆ ಅದು ವರನ ವಯಸ್ಸು ಕಂಡು. ಆನ್‌ಳ ಪರವಾಗಿ ದನಿಯೆತ್ತಿ ಜರ್ಮೇನ್ ಗ್ರಿಯರ್ 2007ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದರ ಕೆಲವು ವಾದಗಳು ಊಹೆಯ ಮೇಲೆ ನಿಂತಿವೆ, ನಿಜ. ಆದರೆ ಅವಳನ್ನು ಬೈದವರ ವಾದಗಳೂ ಊಹೆಯ ಮೇಲೇ ನಿಂತಿದ್ದವಲ್ಲ.

ಹೆನ್ಲಿ ಬೀದಿಯ ಮನೆ

ಮದುವೆ ನಡೆದದ್ದು ಯಾವ ಚರ್ಚಿನಲ್ಲಿ? ದಾಖಲೆ ಉಳಿದಿಲ್ಲ. ನವೆಂಬರ್ 30 ಸಂತ ಆಂಡ್ರೂ ಹಬ್ಬ, ಶುಕ್ರವಾರ. ಅಂದು ಆ ಒಂದು ಪ್ರಕಟಣೆ ಆಗಿ, ಅಂದೋ ಮರುದಿನವೋ ಮದುವೆಯಾಗಿರಬೇಕೆಂದು ಲೆಕ್ಕ ಹೇಳುತ್ತದೆ. ಭಾನುವಾರದಿಂದ ಬಾಗಿಲು ಬಂದ್. ಲೈಸೆನ್ಸಿನಲ್ಲಿ ಟೆಂಪಲ್ ಗ್ರಾಫ್ಟನ್ ಹೆಸರಿರುವುದರಿಂದ ಅಲ್ಲಿಯೇ ಆಯಿತೆಂದು ಅನೇಕರ ಅಭಿಪ್ರಾಯ. ಅಲ್ಲಿನ ಮುದಿ ಪಾದ್ರಿ ಜಾನ್ ಫ್ರಿತ್ ಬಗ್ಗೆ 1586ರ ಒಂದು ವರದಿ ಸಿಕ್ಕಿದೆ. ಧರ್ಮಬೋಧೆಯಲ್ಲಿ ಹಿಂದೆ, ಆದರೆ ಗಾಯಗೊಂಡ ಬೇಟೆ ಗಿಡುಗಗಳಿಗೆ ಮದ್ದು ಮಾಡುವುದರಲ್ಲಿ ಗಟ್ಟಿಗ ಎಂದು ಅದರ ತಾತ್ಪರ್ಯ. ಇಂಥ ಪಾದ್ರಿ ಹೆಚ್ಚು ಪ್ರಶ್ನೆ ಕೇಳುವವನಲ್ಲ.

ಮದುಮಗಳು ಬಂದು ಸೇರಿದ್ದು ಹೆನ್ಲಿ ಬೀದಿಯ ಅತ್ತೆ ಮಾವಂದಿರ ಮನೆಗೆ ಎಂದೇ ವಿದ್ವಾಂಸರ ಎಣಿಕೆ. ಆಗಿನ ಇಂಗ್ಲೆಂಡಿನಲ್ಲಿ ಕೂಡುಕುಟುಂಬ ಅಪರೂಪ. ಬೇರೆ ಮನೆ ಮಾಡುವ ಶಕ್ತಿ ಈ ಹುಡುಗನಿಗೆ ಇರಲಿಲ್ಲ. ಮೈದುನ ಗಿಲ್ಬರ್ಟ್‌ಗೆ 16, ನಾದಿನಿ ಜೋನ್‌ಗೆ 13, ರಿಚರ್ಡ್‌ಗೆ 8, ಕೊನೆಯ ಎಡ್ಮಂಡ್‌ಗೆ ಇನ್ನೂ ಎರಡೂವರೆ ವರ್ಷ. ಅತ್ತೆಯ ಕಂಕುಳಿನ ಕೂಸು ಇಳಿಯುವ ಮೊದಲೇ ಸೊಸೆಯ ಹೊಟ್ಟೆಯಲ್ಲಿ ಇನ್ನೊಂದು. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಸೋದರಮಾವನೂ ಸೋದರಳಿಯನೂ ಒಟ್ಟಿಗೆ ಶಾಲೆಗೆ ಹೋಗುತ್ತಿದ್ದ ಹಾಗೆ. ಸೂಸನ್ನಾ ಹುಟ್ಟಿದ ಮೇಲೆ 1585ರ ಫೆಬ್ರವರಿ 2ರಂದು ಅವಳಿ ಮಕ್ಕಳಾದ ಹ್ಯಾಮ್ನೆಟ್, ಜೂಡಿತ್‌ಗೆ ಜ್ಞಾನಸ್ನಾನವಾಯಿತು. 21 ತುಂಬುವ ಮುಂಚೆ ವಿಲಿಯಂ ಮೂರು ಮಕ್ಕಳ ತಂದೆ. ಆಮೇಲೆ ಲಂಡನ್ನು, ನಾಟಕ ಕಂಪನಿ, ಹೆಸರು, ಹಣ. ಅದು ಎಲ್ಲರಿಗೂ ಗೊತ್ತಿರುವ ಕಥೆ.

ಅಷ್ಟು ಗೊತ್ತಿಲ್ಲದ್ದು, ಈ ವಿಷಯಕ್ಕೆ ಆತ ನಾಟಕದಲ್ಲಿ ಮರಳಿ ಬಂದದ್ದು. 1604ರ ಡಿಸೆಂಬರ್ 26ರಂದು ಅರಮನೆಯಲ್ಲಿ ಆಡಿದ ‘ಮೆಷರ್ ಫಾರ್ ಮೆಷರ್’ ನಾಟಕದ ಕ್ಲಾಡಿಯೊ, ಜೂಲಿಯೆಟ್ ಕೈ ಹಿಡಿದು ಮಾತು ಕೊಟ್ಟುಕೊಂಡವರು. ಶಾಸ್ತ್ರ ಮುಂದಕ್ಕೆ ಹಾಕಿದ್ದು ವರದಕ್ಷಿಣೆ ಹುಡುಗಿಯ ಬಂಧುಗಳ ಪೆಟ್ಟಿಗೆಯಿಂದ ಹೊರಬೀಳಲಿಲ್ಲವೆಂದು. ಅಷ್ಟರಲ್ಲಿ ಬಸಿರು. ನಗರಕ್ಕೆ ಹೊಸದಾಗಿ ಬಂದ ಅಧಿಕಾರಿ ಆಂಜೆಲೊ ಹಳೆಯ ಕಾನೂನು ತೆಗೆದು ಹುಡುಗನಿಗೆ ಮರಣದಂಡನೆ ವಿಧಿಸುತ್ತಾನೆ. ಇದೇ ಆಂಜೆಲೊ ಹಿಂದೆ ತನಗೆ ಗೊತ್ತಾಗಿದ್ದ ಹೆಣ್ಣನ್ನು, ಅವಳ ವರದಕ್ಷಿಣೆ ಸಮುದ್ರದಲ್ಲಿ ಮುಳುಗಿತೆಂದು ಕೈಬಿಟ್ಟವನು. ಕಾನೂನಿನ ಅಕ್ಷರ ಹಿಡಿದವನು ಸರಿಯೋ, ಮಾತಿಗೆ ಬದ್ಧನಾದವನು ಸರಿಯೋ ಎಂದು ನಾಟಕ ಪ್ರೇಕ್ಷಕನನ್ನು ಕಾಡುತ್ತದೆ. ಅದೇ ವರ್ಷ ಲಂಡನ್ನಿನಲ್ಲಿ ತಾನು ಬಾಡಿಗೆಗಿದ್ದ ಮನೆಯ ಮಗಳಿಗೆ ಷೇಕ್ಸ್‌ಪಿಯರನೇ ನಡುವೆ ನಿಂತು ಮದುವೆ ಕುದುರಿಸಿಕೊಟ್ಟ. ಎಂಟು ವರ್ಷದ ಮೇಲೆ ಆ ವರದಕ್ಷಿಣೆಯ ಜಗಳ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಲು ಕರೆದಾಗ, ಎಷ್ಟು ಹಣಕ್ಕೆ ಮಾತಾಗಿತ್ತೆಂಬುದು ತನಗೆ ನೆನಪಿಲ್ಲ ಎಂದ. ಲಗ್ನ ಕುದುರಿಸಿದ ದಲ್ಲಾಳಿಗಳ ನೆನಪಿನ ಶಕ್ತಿ ಎಲ್ಲ ದೇಶಗಳಲ್ಲೂ ಒಂದೇ ಬಗೆಯದಿರಬೇಕು!

ಮಾರ್ಗರೆಟ್ ವೀಲರ್

ಹಿರಿಯರು ದಿನ ಎಣಿಸದಿದ್ದರೆ, ಯಾರೂ ಮುಚ್ಚಳಿಕೆ ಬರೆದುಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಸ್ಟ್ರಾಟ್‌ಫರ್ಡಿನ ದಾಖಲೆ ಪುಸ್ತಕದಲ್ಲಿ ಉತ್ತರವಿದೆ. ಅದು ಷೇಕ್ಸ್‌ಪಿಯರನ ಮನೆಬಾಗಿಲಿಗೇ ಬಂದದ್ದು ವಿಧಿಯ ಅಣಕ.

1616ರ ಫೆಬ್ರವರಿ 10ರಂದು ಕಿರಿಯ ಮಗಳು ಜೂಡಿತ್‌ಳ ಮದುವೆ ಥಾಮಸ್ ಕ್ವೈನಿ ಎಂಬ ಹೆಂಡದ ವ್ಯಾಪಾರಿಯೊಡನೆ ಆಯಿತು. ಆ ವರ್ಷ ಈಸ್ಟರ್ ಮುಂಚಿನ ನಿಷಿದ್ಧ ಕಾಲ ಜನವರಿ 28ಕ್ಕೇ ಶುರುವಾಗಿತ್ತು. 33 ವರ್ಷದ ಹಿಂದೆ ಇಬ್ಬರು ಹಳ್ಳಿಯ ರೈತರು ಚಳಿಯಲ್ಲಿ ವೂಸ್ಟರಿಗೆ ಹೋಗಿ ಮಾಡಿಸಿದ ಕೆಲಸವನ್ನು ಈ ಅಳಿಯ ಮಾಡಿಸಲಿಲ್ಲ. ಚರ್ಚಿನ ನ್ಯಾಯಾಲಯ ಅವನನ್ನು ಬಹಿಷ್ಕರಿಸಿತು. ಅವಸರ ಯಾತಕ್ಕಾಗಿತ್ತು ಎಂಬುದು ಒಂದು ತಿಂಗಳಿಗೆ ಬಯಲಾಯಿತು. ಮಾರ್ಗರೆಟ್ ವೀಲರ್ ಎಂಬ ಹೆಣ್ಣುಮಗಳು ಅವನಿಂದ ಬಸುರಿಯಾಗಿದ್ದಳು. ಹೆರಿಗೆಯಲ್ಲಿ ತಾಯಿಯೂ ಸತ್ತಳು, ಮಗುವೂ ಸತ್ತಿತು. ಇಬ್ಬರನ್ನೂ ಮಾರ್ಚ್ 15ರಂದು ಮಣ್ಣು ಮಾಡಿದರು.

ಮಾರ್ಚ್ 26ರಂದು ಕ್ವೈನಿ ವಿಚಾರಣೆಗೆ ನಿಂತು ತಪ್ಪೊಪ್ಪಿಕೊಂಡ. ಬಿಳಿ ಬಟ್ಟೆ ಹೊದ್ದು ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ನಿಲ್ಲಬೇಕೆಂದು ಶಿಕ್ಷೆಯಾಯಿತು. ಆಮೇಲೆ ಅದನ್ನೂ ಇಳಿಸಿ, ಬಡವರಿಗೆ 5 ಷಿಲಿಂಗು ಕೊಟ್ಟು, ಮಾಮೂಲಿ ಉಡುಪಿನಲ್ಲೇ ಪಾದ್ರಿಯ ಮುಂದೆ ತಪ್ಪೊಪ್ಪಿಗೆ ಹೇಳಿದರೆ ಸಾಕೆಂದರು. ಮೂರು ಭಾನುವಾರ, ಮೂರು ಪ್ರಕಟಣೆ. ಮಾರ್ಗರೆಟ್‌ಳ ಪಾಲಿಗೆ ಒಂದೂ ಬರಲಿಲ್ಲ. ಅವಳ ತಂದೆ ಯಾರು, ಅವಳಿಗೆ ಎಷ್ಟು ವಯಸ್ಸು, ಕ್ವೈನಿ ಅವಳ ಕೈ ಹಿಡಿದು ಏನೆಂದು ಮಾತು ಕೊಟ್ಟಿದ್ದ, ಇದೊಂದನ್ನೂ ಯಾರೂ ಬರೆದಿಡಲಿಲ್ಲ.

ವಿಚಾರಣೆಯ ಹಿಂದಿನ ದಿನ, ಮಾರ್ಚ್ 25ಕ್ಕೆ, ಕಾಯಿಲೆ ಬಿದ್ದಿದ್ದ ಷೇಕ್ಸ್‌ಪಿಯರ್ ವಕೀಲನನ್ನು ಕರೆಸಿ ಉಯಿಲು ತಿದ್ದಿಸಿದ. ‘ಅಳಿಯ’ ಎಂದು ಬರೆಯಹೊರಟಿದ್ದ ಪದವನ್ನು ಹೊಡೆದುಹಾಕಿ ಅಲ್ಲಿ ಜೂಡಿತ್‌ಳ ಹೆಸರು ಸೇರಿಸಿದ್ದು ಈಗಲೂ ಕಾಣುತ್ತದೆ. ಅವಳ ಹಣ ಗಂಡನ ಕೈಗೆ ಸುಲಭವಾಗಿ ಹೋಗದಂತೆ ಷರತ್ತು ಹಾಕಿದ. ಊರಿನ ದೊಡ್ಡ ಮನೆ, ಜಮೀನು ಇತ್ಯಾದಿ ಬಹುಪಾಲು ಆಸ್ತಿ ಹಿರಿಯ ಮಗಳು ಸೂಸನ್ನಾಳಿಗೆ; ಉಯಿಲು ಜಾರಿ ಮಾಡುವ ಹೊಣೆಯೂ ಅವಳಿಗೂ ಅವಳ ಗಂಡ ಡಾಕ್ಟರ್ ಜಾನ್ ಹಾಲ್‌ಗೂ. ತಿಂಗಳೊಪ್ಪತ್ತಿನಲ್ಲಿ, ಏಪ್ರಿಲ್ 23ರಂದು, ಕವಿ ತೀರಿಕೊಂಡ.

ಆನ್ ಇನ್ನೂ ಏಳು ವರ್ಷ ಬದುಕಿ 1623ರ ಆಗಸ್ಟ್ 6ರಂದು ಸತ್ತಳು. ಗಂಡನ ಸಮಾಧಿಯ ಪಕ್ಕದಲ್ಲಿಯೇ ಅವಳದೂ ಇದೆ. ಮೇಲೆ ಒಂದು ಹಿತ್ತಾಳೆಯ ತಗಡು. ಅದರಲ್ಲಿ 67 ವರ್ಷ ಎಂದು ಕೊರೆದಿದೆ. ಆಕೆ ಗಂಡನಿಗಿಂತ 8 ವರ್ಷ ದೊಡ್ಡವಳು ಎಂದು ಲೋಕಕ್ಕೆ ಗೊತ್ತಾದದ್ದೇ ಈ ತಗಡಿನಿಂದ. ವಯಸ್ಸಿನ ಆ ಅಂಕಿಯನ್ನು ಎತ್ತಿಕೊಂಡವರು ಅದರ ಕೆಳಗಿನ ಲ್ಯಾಟಿನ್ ಸಾಲುಗಳನ್ನು ಅಷ್ಟಾಗಿ ಓದಲಿಲ್ಲ. ಎದೆಹಾಲುಣಿಸಿ ಜೀವ ಕೊಟ್ಟ ತಾಯಿಗೆ ಪ್ರತಿಯಾಗಿ ತನ್ನಿಂದ ಸಿಕ್ಕಿದ್ದು ಒಂದು ಕಲ್ಲು ಮಾತ್ರ ಎಂದು ಮಗುವೊಂದು ಮರುಗುವ ಧಾಟಿಯಲ್ಲಿವೆ ಅವು. ಬರೆಸಿದವಳು ಸೂಸನ್ನಾ ಎಂದು ಬಹುಮಂದಿಯ ನಂಬಿಕೆ. ಆಗ ಅವಳಿಗೆ 40 ವರ್ಷ.